ಪರದೆಯ ಮೇಲೆ 181 ಡಿಗ್ರಿ

ಕಿಟಕಿ ಮುಚ್ಚಿದರೆ ಸೆಕೆ, ತೆರೆದರೆ ಗೋಡೆಯ ಮೇಲೆ ಪ್ರೊಜೆಕ್ಟರಿನ ಚಿತ್ರ ಕಾಣದು. ಕೊನೆಗೆ ಒಂದು ಪಡಕು ಮಾತ್ರ ತೆರೆದಿಟ್ಟಿದ್ದಾರೆ. ಮೋರಟಗಿಯ ಈ ಶಾಲಾ ಕೋಣೆಯಲ್ಲಿ ಸುತ್ತಲಿನ ಊರುಗಳ ಗಣಿತ ಮಾಸ್ತರರು ತರಬೇತಿಗೆ ಸೇರಿದ್ದಾರೆ. ಬೆಂಚು ಮಕ್ಕಳ ಅಳತೆಯದು, ನಿಮ್ಮ ಮೊಣಕಾಲು ಡೆಸ್ಕಿಗೆ ತಾಗುತ್ತಿದೆ.

ಲ್ಯಾಪ್‌ಟಾಪ್‌ನಲ್ಲಿ ಜಿಯೋಜೀಬ್ರಾ ತೆರೆದಿದೆ. ಆಸ್ಟ್ರಿಯಾದ ಮಾರ್ಕುಸ್ ಹೋಹೆನ್‌ವಾರ್ಟರ್ 2001ರಲ್ಲಿ ಕಟ್ಟಲು ಶುರುಮಾಡಿದ ಈ ಗಣಿತ ತಂತ್ರಾಂಶ, ರಾಜ್ಯದ ಟಾಲ್ಪ್ (ತಂತ್ರಜ್ಞಾನ ನೆರವಿನ ಕಲಿಕಾ ಕಾರ್ಯಕ್ರಮ) ತರಬೇತಿಯ ಮೂಲಕ ನಮ್ಮ ಪ್ರೌಢಶಾಲೆಗಳ ಮಾಸ್ತರರ ಕೈಗೆ ಬಂತು. ಅದಕ್ಕೂ ಮುಂಚೆ, ಮಾಹಿತಿ ಸಿಂಧು ಯೋಜನೆಯ ದಿನಗಳಲ್ಲಿ, ಕಂಪ್ಯೂಟರ್ ಕೋಣೆಗೆ ಹೊರಗಿನ ಬೋಧಕರು ಬರುತ್ತಿದ್ದರು. ಗಣಿತದವರು ಬಾಗಿಲಲ್ಲೇ ನಿಂತು ನೋಡಬೇಕಿತ್ತು. ಈಗ ಮೌಸ್ ನಿಮ್ಮ ಕೈಯಲ್ಲೇ ಇದೆ.

"ಶೃಂಗ ಹಿಡಿದು ಜಗ್ರಿ ಸರ್," ಅನ್ನುತ್ತಾರೆ ಸಂಪನ್ಮೂಲ ವ್ಯಕ್ತಿ.

ಜಗ್ಗುತ್ತೀರಿ. ಪರದೆಯ ಮೇಲಿನ ತ್ರಿಭುಜ ವಾಲುತ್ತದೆ, ಕೋನಗಳ ಅಂಕಿಗಳು ಓಡುತ್ತವೆ. ದಶಾಂಶದ ಗೊಂದಲ ಬೇಡವೆಂದು ಅವರು ಮೊದಲೇ ಪೂರ್ಣಾಂಕಕ್ಕೆ ಇಟ್ಟಿದ್ದಾರೆ. 62, 73, 46. ಹಿಂದಿನ ಬೆಂಚಿನವರೊಬ್ಬರು ಬಾಯಲ್ಲೇ ಕೂಡಿಸುತ್ತಾರೆ.

"ನೂರಾ ಎಂಬತ್ತೊಂದ್ ಆತಲ್ರೀ! ಕಂಪ್ಯೂಟರ್ ತಪ್ಪ ಮಾಡ್ಲಾಕತ್ತೈತಿ."

ಕೋಣೆಯ ತುಂಬ ನಗು. ಸಂಪನ್ಮೂಲ ವ್ಯಕ್ತಿ ಉತ್ತರ ಹೇಳುವುದಿಲ್ಲ. ಈ ತರಬೇತಿಯ ಅತ್ಯುತ್ತಮ ಗಳಿಗೆ ಇದೇ ಎಂದು ನನಗನ್ನಿಸುತ್ತದೆ. ಗುಂಡಿ ಯಾವುದು, ಮೆನು ಎಲ್ಲಿದೆ ಎಂಬುದನ್ನು ಯಾವ ಹುಡುಗನಾದರೂ ತೋರಿಸಿಕೊಟ್ಟಾನು.

"ನಿಮ್ಮ ಹುಡುಗಿ ಹಿಂಗ ಕೇಳಿದ್ಲಂದ್ರ ಏನ್ ಹೇಳ್ತೀರಿ?"

ಹತ್ತು ಬಾಯಿ, ಹತ್ತು ಮಾತು. ನಡುವೆ ಒಬ್ಬ ಅಕ್ಕೋರು ಎದ್ದು ಬಂದು ದಶಾಂಶದ ಆಯ್ಕೆ ಬದಲಿಸುತ್ತಾರೆ. 61.6, 72.7, 45.7. ಕೂಡಿಸಿದರೆ 180. ಮೂರೂ ಕೋನ ಮೇಲಕ್ಕೆ ಸರಿದು ಪೂರ್ಣಾಂಕವಾಗಿದ್ದವು, ಹೆಚ್ಚಾದ ಒಂದು ಡಿಗ್ರಿ ಅಲ್ಲಿಯದು.

"ಕೋನಮಾಪಕ ಕೊಟ್ರೂ ಇದ ಆಗ್ತದ," ಅಂದರು ಅಕ್ಕೋರು. "ಒಬ್ಬಾಕಿಗೆ 179, ಒಬ್ಬಾಕಿಗೆ 182. ನಾವ ತಿದ್ದಿ 180 ಬರೀರಿ ಅಂತೀವಿ."

ಯಾರೂ ಇಲ್ಲವೆನ್ನಲಿಲ್ಲ. ನೀವೂ ಹಾಗೆ ಬರೆಸಿದವರೇ.

ಚಹಾ ಬಂದರೂ ಲೋಟ ಎತ್ತಿಕೊಂಡವರು ಕಡಿಮೆ. ಅಳತೆಯಿಂದ ಸಾಧನೆಗೆ ಹೋಗುವುದು ಹೇಗೆಂದು ವಾದ ನಡೆದಿದೆ. ಯಾರೋ ಮೇಲಿನ ಶೃಂಗದ ಮೂಲಕ ಪಾದಕ್ಕೆ ಸಮಾಂತರ ರೇಖೆ ಎಳೆಯಲು ಹೇಳುತ್ತಾರೆ. ಎಳೆಯುತ್ತೀರಿ. ಪಾದದ ಎರಡು ಕೋನಗಳು ಪರ್ಯಾಯ ಕೋನಗಳಾಗಿ ಮೇಲೆ ಬಂದು ಮೂರನೆಯದರ ಅಕ್ಕಪಕ್ಕ ಕೂರುತ್ತವೆ. ಮೂರೂ ಸೇರಿ ಒಂದೇ ಸರಳಕೋನ. ಈಗ ಶೃಂಗವನ್ನು ಎಲ್ಲಿಗೆ ಜಗ್ಗಿದರೂ ಅಂಕಿ ನೋಡಬೇಕಾಗಿಲ್ಲ.

"ಅಂಕಿ ತೆಗದಬಿಡ್ರಿ ಸರ್," ಎನ್ನುತ್ತಾರೆ ಹಿಂದಿನ ಬೆಂಚಿನವರು. "ಮೊದಲ ಹುಡುಗ್ರು ಯಾಕಂತ ಹೇಳ್ಲಿ."