ದಡ ಬಲ್ಲ ದೋಣಿ

ದೋಣಿಯನ್ನು ಆರಿಸುವವರ ಕಣ್ಣು ಸಹಜವಾಗಿಯೇ ನೀರಿನ ಮೇಲಿರುತ್ತದೆ. ಆದರೆ ಚಿಕ್ಕ ದೋಣಿಯ ಯೋಗ್ಯತೆ ನಿರ್ಧಾರವಾಗುವುದು ಬಹುಮಟ್ಟಿಗೆ ದಡದಲ್ಲಿ. ಕಡಲಯಾನಕ್ಕೆ ಹೊರಟ ಹಾಯಿಹಡಗಿನ ತಳ ನೀರಿನಲ್ಲಿ ಆಳಕ್ಕೆ ಇಳಿದಿರುತ್ತದೆ; ಅದು ದಂಡೆಯ ಹತ್ತಿರ ಬರಲಾರದು. ದೂರದಲ್ಲಿ ಲಂಗರು ಹಾಕಿ, ಗಾಳಿ ತುಂಬಿದ ಪುಟ್ಟ ರಬ್ಬರ್ ದೋಣಿಯಲ್ಲಿ ನೆಲ ಮುಟ್ಟಬೇಕು. ಆದ್ದರಿಂದಲೇ ಅನುಭವಿಗಳು ಆ ದೋಣಿಯ ವೇಗಕ್ಕಿಂತ ಮೊದಲು ಅದರ ತೂಕವನ್ನು ಕೇಳುತ್ತಾರೆ: ಇಬ್ಬರು ಎತ್ತಬಲ್ಲರೇ, ಮಡಿಸಿದರೆ ಎಷ್ಟು ಜಾಗ ಹಿಡಿಯುತ್ತದೆ, ಒಂದು ಗಾಳಿಕೋಣೆ ಹರಿದರೆ ಉಳಿದವು ತೇಲಿಸುತ್ತವೆಯೇ?

ಇವೇ ಪ್ರಶ್ನೆಗಳನ್ನು ತುಂಗಭದ್ರೆಯ ಅಂಬಿಗರು ಶತಮಾನಗಳಿಂದ ಬೇರೆ ಮಾತುಗಳಲ್ಲಿ ಕೇಳುತ್ತ ಬಂದಿದ್ದಾರೆ. ಕೂಡ್ಲಿಗಿ, ಕೊಟ್ಟೂರುಗಳು ಮಳೆಯನ್ನೂ ಕೆರೆಯನ್ನೂ ನಂಬಿದ ಒಣಸೀಮೆ. ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿ ತಾಲ್ಲೂಕುಗಳ ಅಂಚಿಗೆ ಮಾತ್ರ ನದಿಯ ಸಂಗವಿದೆ. ಹಲವಾಗಲು, ಕುರುವತ್ತಿ, ಮೈಲಾರ, ಮದಲಗಟ್ಟಿಗಳೆಲ್ಲ ಹೊಳೆಸಾಲಿನ ಊರುಗಳು. ಸೇತುವೆಗಳಿಲ್ಲದ ಕಾಲದಲ್ಲಿ ಮೈಲಾರಲಿಂಗನ ಜಾತ್ರೆಗೆ ಆಚೆ ದಡದಿಂದ ಬರುವವರು ಹೊಳೆ ದಾಟಿಯೇ ಬರಬೇಕಿತ್ತು. ಕುರುವತ್ತಿಯಲ್ಲಿ 1068ರಲ್ಲಿ ಜಲಸಮಾಧಿ ಹೊಂದಿದ ಚಾಳುಕ್ಯ ಚಕ್ರವರ್ತಿ ಒಂದನೆಯ ಸೋಮೇಶ್ವರನನ್ನು ಇತಿಹಾಸ ನೆನೆಯುತ್ತದೆ. ಅದೇ ನೀರಿನಲ್ಲಿ ದಿನವೂ ಜನರನ್ನು ದಾಟಿಸಿದವರ ಹೆಸರುಗಳನ್ನು ಬರೆದಿಟ್ಟುಕೊಂಡಿಲ್ಲ. ಹನ್ನೆರಡನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯ ಒಬ್ಬ ಅಪವಾದ. ಅವನ ನೆನಪನ್ನು ಹೊತ್ತ ಚೌಡಯ್ಯದಾನಪುರವೂ ಇದೇ ನದಿಯ ಎಡದಂಡೆಯಲ್ಲಿದೆ.

ಈ ಅಂಬಿಗರ ವಾಹನ ಹರಿಗೋಲು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಆನೆಗೊಂದಿಯ ಕಡೆಗೆ ಜನರು ಬುಟ್ಟಿಯಂತಹ ದುಂಡು ದೋಣಿಗಳಲ್ಲಿ ದಾಟುತ್ತಿದ್ದುದನ್ನು ಬರೆದಿದ್ದಾನೆ. ಒಳಗೆ ಹೆಣಿಗೆ, ಹೊರಗೆ ಚರ್ಮ. ಹದಿನೈದಿಪ್ಪತ್ತು ಜನರನ್ನು ಹೊರುವ ಶಕ್ತಿ. ನೇರವಾಗಿ ಸಾಗದೆ ಸದಾ ಸುತ್ತುವ ಸ್ವಭಾವ. ಅವನಿಗಿಂತ ಎರಡು ಸಾವಿರ ವರ್ಷಗಳ ಹಿಂದೆ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬ್ಯಾಬಿಲೋನಿನ ದುಂಡು ದೋಣಿಗಳನ್ನು ಬಣ್ಣಿಸಿದ್ದಾನೆ. ಅವುಗಳಲ್ಲಿ ಸರಕಿನ ಜೊತೆ ಒಂದು ಕತ್ತೆಯೂ ಇರುತ್ತಿತ್ತು. ಹೊಳೆಯ ಸೆಳೆತಕ್ಕೆ ಎದುರಾಗಿ ಮರಳುವುದು ಅಸಾಧ್ಯವಾದುದರಿಂದ ವ್ಯಾಪಾರಿಗಳು ಊರು ಸೇರಿದ ಮೇಲೆ ಸರಕಿನೊಂದಿಗೆ ದೋಣಿಯ ಚೌಕಟ್ಟನ್ನೂ ಮಾರಿ, ಚರ್ಮವನ್ನು ಕತ್ತೆಯ ಮೇಲೆ ಹೇರಿಕೊಂಡು ನೆಲದ ದಾರಿಯಲ್ಲಿ ಹಿಂದಿರುಗುತ್ತಿದ್ದರು. ಮರಳುವ ದಾರಿಯನ್ನು ಮೊದಲೇ ಯೋಚಿಸಿ ಕಟ್ಟಿದ ದೋಣಿಯದು.

ಹರಿಗೋಲಿನ ಗುಣವೂ ಇದೇ. ಸೀಳಿದ ಬಿದಿರಿನ ದೆಬ್ಬೆಗಳನ್ನು ಹೆಣೆದು ಚರ್ಮ ಹೊದಿಸಿದ ಈ ಬುಟ್ಟಿ ಮೊಳಕಾಲುದ್ದದ ನೀರಿನಲ್ಲೂ ತೇಲುತ್ತದೆ. ಬಂಡೆಗೆ ತಾಗಿದರೆ ಒಡೆಯದೆ ಬಾಗಿ ಜಾರುತ್ತದೆ. ಅಂಬಿಗನು ಮುಂದಿನ ಅಂಚಿನಲ್ಲಿ ಕುಳಿತು ಹುಟ್ಟಿನಿಂದ ನೀರನ್ನು ತನ್ನ ಕಡೆಗೆ ಸೆಳೆಯುತ್ತಾನೆ. ಒಂದೇ ಪಕ್ಕಕ್ಕೆ ಹುಟ್ಟು ಹಾಕಿದರೆ ಬುಟ್ಟಿ ನಿಂತಲ್ಲೇ ತಿರುಗುತ್ತದೆ. ಹೊಳೆ ತುಂಬಿದಾಗ ಮುಟ್ಟಬೇಕಾದ ಜಾಗಕ್ಕಿಂತ ಬಹಳ ಮೇಲಿನಿಂದ ಹೊರಟು ಸೆಳೆತದೊಡನೆ ಓರೆಯಾಗಿ ಇಳಿಯಬೇಕು. ಪಯಣ ಮುಗಿದ ಮೇಲೆ ಅದನ್ನು ನೀರಿನಲ್ಲಿ ಬಿಡುವಂತಿಲ್ಲ. ನೆನೆದೇ ಇದ್ದ ಚರ್ಮ ಕೊಳೆಯುತ್ತದೆ. ಹೊತ್ತು ತಂದು ದಡದಲ್ಲಿ ಬೋರಲು ಹಾಕಬೇಕು. ಹೊರಲಾಗದ ಹರಿಗೋಲು ಬಹುಕಾಲ ಬಾಳದು.

ತುಂಗಭದ್ರಾ ಅಣೆಕಟ್ಟು 1953ರಲ್ಲಿ ನೀರು ನಿಲ್ಲಿಸಿದ ಮೇಲೆ ಈ ಗುಣಕ್ಕೆ ಹೊಸ ಬೆಲೆ ಬಂತು. ಹಗರಿಬೊಮ್ಮನಹಳ್ಳಿ ಸೀಮೆಯ ಹಿನ್ನೀರಿಗೆ ನಿಶ್ಚಿತವಾದ ದಡವೇ ಇಲ್ಲ. ಮಳೆಗಾಲದಲ್ಲಿ ಹೊಲದಂಚಿಗೆ ಬಂದ ನೀರು ಬೇಸಿಗೆಯಲ್ಲಿ ಬಹುದೂರ ಹಿಂದೆ ಸರಿದು ಕೆಸರನ್ನು ಬಿಟ್ಟುಹೋಗುತ್ತದೆ. ಅಲ್ಲಿನ ಮೀನುಗಾರನಿಗೆ ನೀರಿನ ಹಿಂದೆ ಹೊತ್ತು ನಡೆಯಬಲ್ಲ ದೋಣಿಯೇ ಬೇಕು. ಈಗ ಚರ್ಮದ ಜಾಗಕ್ಕೆ ಡಾಂಬರು ಬಳಿದ ಪ್ಲಾಸ್ಟಿಕ್ ಹೊದಿಕೆ ಬಂದಿದೆ. ಫೈಬರ್ ಬುಟ್ಟಿಗಳೂ ಬಂದಿವೆ. ಪ್ಲಾಸ್ಟಿಕ್ ಕೊಳೆಯುವುದಿಲ್ಲ, ಆದರೆ ಬಿಸಿಲಿಗೆ ಸೆಡೆತು ಸೀಳುತ್ತದೆ. ಫೈಬರಿಗೆ ಸೋರುವ ಭಯ ಕಡಿಮೆ, ಆದರೆ ಬಿದಿರಿನ ಬಾಗು ಅದಕ್ಕಿಲ್ಲ.

ಗಾಳಿದೋಣಿಯ ಹುಟ್ಟಿಗೂ ಹೊರುವ ಚಿಂತೆಯೇ ಕಾರಣ. 1821ರಲ್ಲಿ ಉತ್ತರ ಕೆನಡಾದ ಅನ್ವೇಷಣೆಯಿಂದ ಮರಳುತ್ತಿದ್ದ ಜಾನ್ ಫ್ರಾಂಕ್ಲಿನ್‌ನ ತಂಡ, ದಾಟಲು ದೋಣಿಯಿಲ್ಲದೆ ಕಾಪರ್‌ಮೈನ್ ನದಿಯ ದಡದಲ್ಲಿ ದಿನಗಳನ್ನು ಕಳೆಯಿತು. ತಂಡದ ಹಲವರು ಹಸಿವು ಚಳಿಗಳಿಂದ ಮಡಿದರು. 1840ರ ದಶಕದಲ್ಲಿ ಬ್ರಿಟಿಷ್ ನೌಕಾಧಿಕಾರಿ ಪೀಟರ್ ಹಾಲ್ಕೆಟ್, ಹೊದ್ದರೆ ನಿಲುವಂಗಿ, ಊದಿದರೆ ದೋಣಿಯಾಗುವ ರಬ್ಬರ್ ಬಟ್ಟೆಯ ಸಾಧನವನ್ನು ರೂಪಿಸಿದ. ಇಂದು ಪ್ರವಾಹದ ದಿನಗಳಲ್ಲಿ ರಕ್ಷಣಾ ಪಡೆಗಳು ಲಾರಿಯಲ್ಲಿ ಮಡಿಸಿ ತರುವ ದೋಣಿಗಳು ಆ ನಿಲುವಂಗಿಯ ವಂಶದವು. ಪ್ರತ್ಯೇಕ ಗಾಳಿಕೋಣೆಗಳಿಂದಾಗಿ ಅವು ಹರಿಗೋಲಿಗಿಂತ ಸುರಕ್ಷಿತ. ಆದರೆ ಅವಕ್ಕೂ ದಡದ ಶತ್ರುಗಳಿದ್ದಾರೆ. ಹಿನ್ನೀರಿನ ಅಂಚಿನ ಬಳ್ಳಾರಿ ಜಾಲಿಯ ಒಂದು ಮುಳ್ಳು ಸಾಕು, ಕೋಣೆಯೊಂದು ಬರಿದಾಗಲು. ತಂಪು ಹೊತ್ತಿನಲ್ಲಿ ಬಿಗಿಯಾಗಿ ತುಂಬಿದ ಗಾಳಿ ಮಧ್ಯಾಹ್ನದ ಬಿಸಿಲಿಗೆ ಹಿಗ್ಗಿ ಹೊಲಿಗೆಯನ್ನು ಎಳೆಯುತ್ತದೆ. ದಡಕ್ಕೆಳೆದೊಡನೆ ಸ್ವಲ್ಪ ಗಾಳಿ ಬಿಡಬೇಕು. ನೆಲದ ಮೇಲೆ ಎಳೆದಾಡದೆ ಎತ್ತಿಯೇ ಒಯ್ಯಬೇಕು.

ಬಿದಿರಾಗಲಿ ರಬ್ಬರಾಗಲಿ, ಮಿತಿ ಮೀರಿದ ಭಾರವನ್ನು ಎರಡೂ ಕ್ಷಮಿಸುವುದಿಲ್ಲ. ನಡುನೀರಿನಲ್ಲಿ ಎದ್ದು ನಿಲ್ಲುವವರನ್ನೂ ಕ್ಷಮಿಸುವುದಿಲ್ಲ. ಎಷ್ಟು ಜನ ಹತ್ತಬೇಕು, ಹೊಳೆ ಇಂದು ದಾಟಬಹುದಾದುದೇ ಎಂಬುದನ್ನು ಹಿಂದೆ ಅಂಬಿಗ ನಿರ್ಧರಿಸುತ್ತಿದ್ದ. ಅವನು ಹುಟ್ಟು ಕೆಳಗಿಟ್ಟರೆ ಗೌಡನೂ ದಡದಲ್ಲೇ ಕಾಯಬೇಕಿತ್ತು. ಸೇತುವೆಗಳು ಬಂದು ಕಡವುಗಳು ಬರಿದಾದಂತೆ ಆ ಅಧಿಕಾರವೂ ತೆಳುವಾಗಿದೆ. ವಿಹಾರಕ್ಕೆ ಬರುವವರು ಹಣ ಕೊಟ್ಟ ಮಾತ್ರಕ್ಕೆ ಹತ್ತುವ ಹಕ್ಕು ದೊರೆಯಿತೆಂದು ಭಾವಿಸುತ್ತಾರೆ. ಜೀವರಕ್ಷಕ ಅಂಗಿಯನ್ನು ಖರೀದಿಸಬಹುದು, ಅದನ್ನು ಪ್ರತಿಯೊಬ್ಬರೂ ತೊಡಲೇಬೇಕು. ಆದರೆ ‘ಇಂದು ಬೇಡ’ ಎಂದು ಹೇಳಬಲ್ಲವನನ್ನು ಯಾವ ಅಂಗಡಿಯೂ ಮಾರುವುದಿಲ್ಲ. ಹೊಳೆಸಾಲಿನ ಊರುಗಳಲ್ಲಿ ಅಂಥವರು ಇನ್ನೂ ಇದ್ದಾರೆ. ದೋಣಿಯ ಜೊತೆಗೆ ಅವರ ಮಾತನ್ನೂ ಆರಿಸಿಕೊಳ್ಳುವುದು ವಿವೇಕ.