ಜಾರಿದವನಿಗೆ ಆಸರೆ

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಸಮ್ಯಗ್ದರ್ಶನದ ಎಂಟು ಅಂಗಗಳಿಗೆ ನಿದರ್ಶನವಾಗಿ ಹೆಸರಿಸುವವರಲ್ಲಿ ಮೊದಲಿಗನೇ ಅಂಜನಚೋರ. ಐದನೆಯದಾದ ಉಪಗೂಹನಕ್ಕೆ ಜಿನೇಂದ್ರಭಕ್ತ ಶ್ರೇಷ್ಠಿ ನಿದರ್ಶನ. ಅವನ ಕಥೆಯಲ್ಲಿಯೂ ಕಳ್ಳನೊಬ್ಬನಿದ್ದಾನೆ. ತ್ಯಾಗಿಯ ವೇಷದಿಂದ ಬಂದು ಚೈತ್ಯಾಲಯದ ಛತ್ರದ ರತ್ನವನ್ನು ಕದ್ದು ಸಿಕ್ಕಿಬಿದ್ದವನನ್ನು, ತಾನೇ ತರಹೇಳಿದ್ದೆನೆಂದು ನುಡಿದು ಶ್ರೇಷ್ಠಿಯು ಜನರಿಂದ ಬಿಡಿಸಿದನು. ಸತ್ಯಾಣುವ್ರತಕ್ಕೆ ಇದು ಹೇಗೆ ಹೊಂದೀತೆಂಬ ಪ್ರಶ್ನೆ ಬೇರೆ. ಉಪಗೂಹನದ ಬೆನ್ನಿಗೇ ಬರುವ ಅಂಗವು ಸ್ಥಿತಿಕರಣ: ಜಾರಿದವನನ್ನು ಮರಳಿ ನೆಲೆಗೊಳಿಸುವುದು. ದೋಷವನ್ನು ಮರೆಮಾಡಿದ ಮಾತ್ರಕ್ಕೆ ಕಾರ್ಯ ಮುಗಿಯದು.

ಲೌಕಿಕ ನ್ಯಾಯದಲ್ಲಿ ಈ ಕಾರ್ಯಕ್ಕೆಂದೇ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯಿದೆ ಇದೆ. ಪ್ರೊಬೇಷನ್ ಕಾಯಿದೆಯೆಂದು ಅದಕ್ಕೆ ರೂಢಿಯ ಹೆಸರು. ಭದ್ರಾವತಿಯ ಹತ್ತೊಂಬತ್ತರ ತರುಣನೊಬ್ಬ ತಾಮ್ರದ ತಂತಿ ಕದ್ದು ಗುಜರಿಗೆ ಮಾರಿ ಸಿಕ್ಕಿಬಿದ್ದನೆಂದು ಭಾವಿಸಬಹುದು. ಕಾಗದದ ಕಾರ್ಖಾನೆ ನಿಂತು, 2023ರಲ್ಲಿ ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ನಿರ್ಧಾರವನ್ನು ಕೇಳಿದ ಊರಿನಲ್ಲಿ ಇದು ಕಷ್ಟದ ಊಹೆಯಲ್ಲ. ಇಪ್ಪತ್ತೊಂದು ತುಂಬದವನಿಗೆ ಇಂತಹ ಅಪರಾಧಕ್ಕಾಗಿ ಸೆರೆವಾಸ ವಿಧಿಸಬೇಕಾದರೆ ನ್ಯಾಯಾಲಯವು ಕಾರಣವನ್ನು ಬರೆದಿಡಬೇಕು. ಅದಕ್ಕೆ ಮೊದಲು ಪರಿವೀಕ್ಷಣಾಧಿಕಾರಿಯ ವರದಿಯನ್ನು ತರಿಸಬೇಕು. ಮುಚ್ಚಳಿಕೆ ಬರೆಸಿ, ಹೆಚ್ಚೆಂದರೆ ಮೂರು ವರ್ಷಗಳ ಸನ್ನಡತೆಯ ಷರತ್ತಿನ ಮೇಲೆ ಅವನನ್ನು ಬಿಡಬಹುದು. ಹಾಗೆ ಬಿಡುಗಡೆಯಾದವನಿಗೆ ಅಪರಾಧಿಗೆ ಕಾನೂನು ತರುವ ಅನರ್ಹತೆ ಅಂಟುವುದಿಲ್ಲ.

ಆದರೆ ವರದಿ ಬರೆಯುವವನು ಆ ತರುಣನ ಮನೆಯನ್ನು ಕಂಡಿರಬೇಕು. ಅವನ ತಾಯಿಯ ದುಡಿಮೆ ಯಾವುದು, ಸ್ನೇಹಿತರಾರು, ಕುಡಿತವುಂಟೋ ಇಲ್ಲವೋ ಎಂಬುದೆಲ್ಲ ಶಿವಮೊಗ್ಗದ ಕಡತದಲ್ಲಿ ಕುಳಿತಲ್ಲೇ ದೊರೆಯುವುದಿಲ್ಲ. ಇಡೀ ಜಿಲ್ಲೆಯ ಭಾರ ಹೊತ್ತ ಅಧಿಕಾರಿಯಿಂದ ವಾರವಾರವೂ ಭೇಟಿಯನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಪರಿವೀಕ್ಷಣೆಯು ಸಹಿ ಹಾಕುವ ದಿನವಾಗಿ ಇಳಿದುಹೋಗುವುದು ಇಲ್ಲಿಯೇ. ಕೂಲಿಗೆ ಹೋಗುವವನು ಇಪ್ಪತ್ತು ಕಿಲೋಮೀಟರಿನಷ್ಟು ದೂರದ ಆ ಸಹಿಗಾಗಿ ಒಂದು ದಿನದ ಕೂಲಿಯನ್ನೂ ಕಳೆದುಕೊಳ್ಳುತ್ತಾನೆ.

ಈ ವ್ಯವಸ್ಥೆಯನ್ನು ತಿದ್ದಲು ಹೊಸ ಕಾನೂನು ಬೇಕಿಲ್ಲ. ರಾಜ್ಯ ಸರ್ಕಾರ ಮಾನ್ಯ ಮಾಡಿದ ಸಂಸ್ಥೆಯೂ ಪರಿವೀಕ್ಷಣಾಧಿಕಾರಿಯನ್ನು ಒದಗಿಸಬಹುದೆಂದು ಕಾಯಿದೆಯ 13ನೆಯ ಪ್ರಕರಣವೇ ಹೇಳುತ್ತದೆ. ತರುಣನಿಗೆ ತಕ್ಕ ಉದ್ಯೋಗ ಹುಡುಕಲು ನೆರವಾಗುವುದೂ ಆ ಅಧಿಕಾರಿಯ ಕರ್ತವ್ಯವೆಂದು 14ನೆಯ ಪ್ರಕರಣ ವಿಧಿಸುತ್ತದೆ. ಗೋಶಾಲೆಗೆ ಮೇವನ್ನೂ ವಿದ್ಯಾರ್ಥಿನಿಲಯಕ್ಕೆ ಅಕ್ಕಿಯನ್ನೂ ಒದಗಿಸುವ ಬಸದಿಯ ಟ್ರಸ್ಟುಗಳು ಈ ಪ್ರಕರಣವನ್ನೂ ಓದಬೇಕಾಗಿದೆ. ಸಮಾಜದಲ್ಲಿ ಅಂಗಡಿ, ಗಿರಣಿ, ಮುದ್ರಣಾಲಯಗಳನ್ನು ನಡೆಸುವ ಗೃಹಸ್ಥರಿದ್ದಾರೆ. ಕೆಲಸ ಕೊಡಬಲ್ಲವರು ಅವರೇ.

ಇದರಲ್ಲಿ ಅಪಾಯವೂ ಇಲ್ಲದಿಲ್ಲ. ತರುಣನನ್ನು ಬಸದಿಯ ಅಂಗಳ ಗುಡಿಸಲು ಸಂಬಳವಿಲ್ಲದ ಆಳಾಗಿ ಬಳಸಿದರೆ, ಅಥವಾ ಅವನಿಂದ ನಮ್ಮ ವ್ರತನಿಯಮಗಳನ್ನು ಬಲವಂತವಾಗಿ ಪಾಲಿಸಿದರೆ, ಅದು ಸ್ಥಿತಿಕರಣವಲ್ಲ. ಅಧಿಕಾರಿಯ ಸಂಬಳವನ್ನು ಟ್ರಸ್ಟು ಭರಿಸಿದರೂ ಅವನು ಉತ್ತರ ಕೊಡಬೇಕಾದುದು ನ್ಯಾಯಾಲಯಕ್ಕೆ. ಹುಂಡಿ ಒಡೆದ ಹುಡುಗನೇ ಮುಂದೊಮ್ಮೆ ಅದೇ ಟ್ರಸ್ಟಿನ ಅಧಿಕಾರಿಯ ಎದುರು ನಿಲ್ಲಬಹುದು. ಆಗ ಏನು ಮಾಡುವುದೆಂಬುದನ್ನು ಮಾನ್ಯತೆಗೆ ಅರ್ಜಿ ಹಾಕುವ ಮೊದಲೇ ಟ್ರಸ್ಟಿನ ಸಭೆಯಲ್ಲಿ ಚರ್ಚಿಸಿ ನಿರ್ಣಯಪುಸ್ತಕದಲ್ಲಿ ಬರೆದಿಡುವುದು ಒಳ್ಳೆಯದು.