ಪುನರ್ದರ್ಶನ

ಯಳಂದೂರಿಗೂ ಕೊಳ್ಳೇಗಾಲಕ್ಕೂ ನಡುವೆ ಸುಮಾರು ಹತ್ತು ಮೈಲಿಯ ದಾರಿ. ಆದರೂ ನಮ್ಮ ತಂದೆಯವರ ಬಾಲ್ಯದಲ್ಲಿ ಇವೆರಡೂ ಬೇರೆ ಬೇರೆ ಆಳ್ವಿಕೆಗೆ ಸೇರಿದ ಊರುಗಳು. ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದ ಮೈಸೂರು ಸೀಮೆಯ ಊರು. ಕೊಳ್ಳೇಗಾಲವಾದರೋ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದು. 1956ರ ನವೆಂಬರಿನಲ್ಲಿ ಆ ಗಡಿಯು ಅಳಿಸಿಹೋಯಿತು. ನಾನು ಹುಟ್ಟಿದ್ದು ಅದಾದ ಎಂಟು ವರ್ಷಗಳ ಮೇಲೆ. ಆದರೂ ನಮ್ಮ ಮನೆಯಲ್ಲಿ "ಅವರು ಕೊಳ್ಳೇಗಾಲದವರು" ಎಂದರೆ ಪರರಾಜ್ಯದವರೆಂಬ ಧ್ವನಿಯೇ ಇರುತ್ತಿತ್ತು. ಕಾಗದದಿಂದ ಹೋದ ಗಡಿಯು ಬಾಯಿಂದ ಹೋಗುವುದಕ್ಕೆ ಕಾಲ ಬೇಕು.

ಈಗ ನಾನು ಹೇಳಹೊರಟಿರುವ ಸಂಗತಿಯನ್ನು ಗೃಹಸ್ಥರಾದ ವಾಚಕರು ಹೇಗೆ ಸ್ವೀಕರಿಸುವರೋ ಕಾಣೆ. ಅರವತ್ತು ದಾಟಿದ ನನಗೆ ಮುಚ್ಚಿಡಬೇಕೆಂಬ ಆಸೆ ಉಳಿದಿಲ್ಲ. ಇದ್ದುದನ್ನು ಇದ್ದಂತೆ ಬರೆಯುತ್ತೇನೆ.

1988ರಲ್ಲಿ ಕೊಳ್ಳೇಗಾಲದ ಶಾಲೆಯೊಂದರಲ್ಲಿ ನನಗೆ ಉಪಾಧ್ಯಾಯ ವೃತ್ತಿಯು ದೊರೆಯಿತು. ನೇಕಾರರ ಮನೆಯೊಂದರ ಮುಂಭಾಗದ ಕೋಣೆಯನ್ನು ಬಾಡಿಗೆಗೆ ಹಿಡಿದೆನು. ಆ ಮನೆಯ ಮಗನು ನನ್ನ ಸಮವಯಸ್ಕನು. ರೇಷ್ಮೆಯ ಸೀರೆ ನೇಯುವವನು. ಮುಂಜಾನೆ ನಾನು ರಘುವಂಶವನ್ನು ಓದಿಕೊಳ್ಳುತ್ತಿದ್ದರೆ ಒಳಗಿನಿಂದ ಅವನ ಲಾಳಿಯ ಸದ್ದು ಕೇಳುತ್ತಿತ್ತು. ಮೊದಮೊದಲು ಅದು ಓದಿಗೆ ಅಡ್ಡಿಯೆನಿಸಿತು. ಎರಡು ತಿಂಗಳೊಳಗೆ, ಅದು ನಿಂತರೆ ನನ್ನ ಓದೂ ನಿಲ್ಲುವಂತಾಯಿತು. ಸಂಜೆ ಇಬ್ಬರೂ ಮರಡಿಗುಡ್ಡವನ್ನು ಹತ್ತಿ ಕುಳಿತಿರುತ್ತಿದ್ದೆವು. ಅವನು ಓದಿದ್ದು ಏಳನೆಯ ತರಗತಿ. ಒಂದು ದಿನ ಶಾಕುಂತಲದ ಕಥೆಯನ್ನು ಹೇಳಿದಾಗ, "ಉಂಗುರ ಸಿಕ್ಕಿದ ಮೇಲೆ ಜ್ಞಾಪಿಸಿಕೊಳ್ಳುವುದೇನು ದೊಡ್ಡದು? ಉಂಗುರವಿಲ್ಲದೆ ಜ್ಞಾಪಿಸಿಕೊಂಡಿದ್ದರೆ ಅವನು ಗಂಡಸು" ಎಂದನು. ಇಂಥ ಮಾತನ್ನು ನನ್ನ ಗುರುಗಳ ಬಾಯಲ್ಲಿಯೂ ನಾನು ಕೇಳಿರಲಿಲ್ಲ.

ನಮ್ಮಿಬ್ಬರ ನಡುವೆ ಇದ್ದುದು ಸ್ನೇಹವೆಂದರೆ ಅರ್ಧ ಸತ್ಯವಾದೀತು. ಸಂಸ್ಕೃತದಲ್ಲಿ ಸ್ನೇಹವೆಂಬ ಶಬ್ದಕ್ಕೆ ಎಣ್ಣೆಯೆಂಬ ಅರ್ಥವೂ ಉಂಟು. ಬಟ್ಟೆಗೆ ಹತ್ತಿದರೆ ಬರಿಯ ನೀರಿನಿಂದ ಹೋಗತಕ್ಕದ್ದಲ್ಲ. ಆದರೂ ಅಡ್ಡಮಾತೇಕೆ? ಅದು ಪ್ರೇಮ. ಇಬ್ಬರಿಗೂ ಗೊತ್ತಿತ್ತು. ಹೆಸರಿಟ್ಟು ಹೇಳುವ ಧೈರ್ಯವಿದ್ದುದು ಅವನೊಬ್ಬನಿಗೆ.

1990ರ ಒಂದು ರಾತ್ರಿ, "ಮೈಸೂರಿಗೆ ಹೋಗಿಬಿಡೋಣ. ನಿನಗೆ ಶಾಲೆ, ನನಗೆ ಮಗ್ಗ. ಯಾರಾದರೂ ಕೇಳಿದರೆ ಅಣ್ಣತಮ್ಮ ಅಂದರಾಯಿತು. ಏನಂತೀಯ?" ಎಂದು ಕೇಳಿದನು. "ನಾಳೆ ಹೇಳುತ್ತೇನೆ" ಎಂದೆನು. ಮರುದಿನ ಹೇಳಲಿಲ್ಲ, ಆ ಮರುದಿನವೂ ಹೇಳಲಿಲ್ಲ. ಆ ವಾರದಲ್ಲಿಯೇ ವರ್ಗಕ್ಕೆ ಅರ್ಜಿ ಬರೆದೆನು. ಹನೂರಿಗೆ ಆಜ್ಞೆ ಬಂದಾಗ, ಅವನು ನೂಲು ತರಲು ಹೋಗಿದ್ದ ಹೊತ್ತಿನಲ್ಲಿ ಪೆಟ್ಟಿಗೆಯನ್ನೂ ಪುಸ್ತಕಗಳನ್ನೂ ಎತ್ತಿಕೊಂಡು ಬಸ್ಸು ಹತ್ತಿದೆನು.

ಕಾನೂನಿಗೆ ಹೆದರಿದೆನೆಂದು ಹೇಳಿಕೊಂಡರೆ ಸುಳ್ಳಾದೀತು. 1860ರ ದಂಡಸಂಹಿತೆಯ 377ನೆಯ ಕಲಮು ಇಂಥದೆಂದು ಆಗ ನನಗೆ ತಿಳಿದೇ ಇರಲಿಲ್ಲ. ನಾನು ಹೆದರಿದ್ದು ತಂದೆಯವರಿಗೆ. ಮನೆಯ ಜಗಲಿಯ ಮೇಲೆ ಕೂರುವ ನಾಲ್ಕು ಜನಕ್ಕೆ.

ಹನೂರಿಗೆ ಅವನಿಂದ ಮೂರು ಕಾಗದಗಳು ಬಂದವು. ಮೂರಕ್ಕೂ ಉತ್ತರ ಬರೆಯಲಿಲ್ಲ, ಹರಿದೆಸೆಯಲೂ ಇಲ್ಲ. 1992ರಲ್ಲಿ ಅವನ ಲಗ್ನಪತ್ರಿಕೆ ಬಂದಿತು. ಹೋಗಲಿಲ್ಲ. ನಾನು ಮದುವೆಯಾಗಲಿಲ್ಲ, ಜಾತಕದ ನೆವ, ತಾಯಿಯ ಕಾಯಿಲೆಯ ನೆವ, ಕೊನೆಗೆ ವಯಸ್ಸಿನ ನೆವ. ಮಹದೇಶ್ವರನ ಬೆಟ್ಟಕ್ಕೆ ಕೊಳ್ಳೇಗಾಲದವರು ಹನೂರಿನ ಮೇಲೆಯೇ ಹೋಗಬೇಕು. ಶಿವರಾತ್ರಿಯಲ್ಲಿ ಉಘೇ ಎನ್ನುತ್ತ ನಡೆದುಹೋಗುವವರ ಮುಖಗಳನ್ನು ಶಾಲೆಯ ಕಿಟಕಿಯಿಂದ ನೋಡುತ್ತ ನಿಲ್ಲುತ್ತಿದ್ದೆನು. 2013ರಲ್ಲಿ ವಸುಧೇಂದ್ರರ 'ಮೋಹನಸ್ವಾಮಿ' ಅಚ್ಚಾದಾಗ ಅದನ್ನು ತರಿಸಿ, ಪಂಚಾಂಗದ ಹೊದಿಕೆ ಹಾಕಿ ಓದಿದೆನು. 2018ರ ಸೆಪ್ಟೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯವು ತೀರ್ಪು ಕೊಟ್ಟಿತು. ಮರುದಿನ ಉಪಾಧ್ಯಾಯರ ಕೋಣೆಯಲ್ಲಿ ಪತ್ರಿಕೆಯಲ್ಲಿ ಅದನ್ನು ಓದಿ, ಮಡಿಸಿಟ್ಟು, ಎಂಟನೆಯ ತರಗತಿಗೆ ಸವರ್ಣದೀರ್ಘ ಸಂಧಿಯನ್ನು ಕಲಿಸಲು ಹೋದೆನು. ಕರಿಹಲಗೆಯ ಮೇಲೆ ಉದಾಹರಣೆ ತಪ್ಪಿ ಬರೆದೆನೆಂದು ಹುಡುಗಿಯೊಬ್ಬಳು ತಿದ್ದಿದಳು.

2024ರಲ್ಲಿ ನಿವೃತ್ತನಾದ ಮೇಲೆ, ಪೂರ್ವಿಕರ ಮನೆಯನ್ನು ಮಾರುವ ಸಲುವಾಗಿ ಯಳಂದೂರಿಗೆ ಹೋಗಿದ್ದೆನು. ಗೌರೀಶ್ವರ ದೇವಾಲಯದ ಬಳೆಮಂಟಪದ ಮುಂದೆ, ಕಲ್ಲಿನಲ್ಲಿ ಕೊರೆದ ಬಳೆಗಳ ಸರಪಣಿಯನ್ನು ನೋಡುತ್ತ ನಿಂತಿದ್ದಾಗ, ಹಿಂದಿನಿಂದ, "ಏನು ಮೇಷ್ಟ್ರೇ, ನಾಳೆ ಆಯಿತೇ?" ಎಂಬ ಮಾತು ಕೇಳಿತು.

ತಲೆ ನೆರೆತಿತ್ತು, ಕಂಕುಳಲ್ಲಿ ಸೀರೆಯ ಗಂಟು. ಮದುವೆಯ ಮನೆಯೊಂದಕ್ಕೆ ಕೊಡಲು ಬಂದಿದ್ದನು. ನಾನು ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆನು, ಮಾತು ಬರಲಿಲ್ಲ. ಅವನೇ, "ಬಾ, ಕಾಫಿ ಕುಡಿಯೋಣ" ಎಂದನು. ಹೋಟೆಲಿನಲ್ಲಿ ಕುಳಿತು ಹೇಳಿದ್ದಿಷ್ಟು: ಪ್ರತಿ ಶಿವರಾತ್ರಿಯೂ ಅವನು ಬೆಟ್ಟಕ್ಕೆ ನಡೆದುಹೋಗುತ್ತಿದ್ದನಂತೆ. "ರಾತ್ರಿ ಹೊತ್ತು ಹೋಗುತ್ತಿದ್ದೆ. ನಿನ್ನ ಶಾಲೆಯ ನಲ್ಲಿಯಲ್ಲಿ ನೀರು ಕುಡಿದು ಮುಂದೆ ನಡೆಯುತ್ತಿದ್ದೆ." ನಾನು ಕಿಟಕಿಯಲ್ಲಿ ನಿಲ್ಲುತ್ತಿದ್ದುದು ಹಗಲಿನಲ್ಲಿ.

ಅವನ ಹೆಂಡತಿ 2020ರಲ್ಲಿ ತೀರಿಕೊಂಡರು. "ಒಳ್ಳೆಯವಳು. ಒಂದು ದಿನವೂ ನಾನು ಗದರಿದವನಲ್ಲ. ಆದರೆ ಅವಳಿಗೆ ಸಲ್ಲಬೇಕಾದದ್ದು ಪೂರ್ತಿ ಸಲ್ಲಲಿಲ್ಲ, ಅದು ಅವಳಿಗೂ ಗೊತ್ತಿತ್ತು" ಎಂದನು. ಈ ಮಾತು ನನ್ನನ್ನು ಇಂದಿಗೂ ಚುಚ್ಚುತ್ತದೆ. ನನ್ನ ಹೇಡಿತನದ ಸಾಲವನ್ನು ಇಪ್ಪತ್ತೆಂಟು ವರ್ಷ ತೀರಿಸಿದವರು ನಾನು ಮುಖವನ್ನೇ ಕಾಣದ ಒಬ್ಬ ಹೆಂಗಸು. ಇದಕ್ಕೆ ಪ್ರಾಯಶ್ಚಿತ್ತವು ಯಾವ ಧರ್ಮಶಾಸ್ತ್ರದಲ್ಲಿಯೂ ನನಗೆ ದೊರೆಯಲಿಲ್ಲ.

ವಾಲ್ಮೀಕಿಯ ಸೀತೆಯು ಭೂಮಿಯನ್ನು ಹೊಕ್ಕುಬಿಡುವಳು; ಭವಭೂತಿಯು ಮಾತ್ರ ಅವಳನ್ನು ರಾಮನೊಡನೆ ಮರಳಿ ಕೂಡಿಸಿದನು. ನಾಟಕವು ಮಂಗಳಾಂತವಾಗಬೇಕೆಂಬ ನಿಯಮಕ್ಕಾಗಿ ಹೀಗೆ ಮಾಡಿದನೆಂದು ಹಲವು ವರ್ಷ ಹೇಳಿಕೊಟ್ಟೆನು. ಬಿಟ್ಟುಹೋದವನನ್ನು ಮತ್ತೆ ಒಳಕ್ಕೆ ಕರೆಯುವುದು ಬಿಡಲ್ಪಟ್ಟವರಿಗೆ ಎಷ್ಟು ಕಷ್ಟವೆಂಬುದು ನನ್ನ ಪಾಠದಲ್ಲಿ ಇರಲಿಲ್ಲ.

ಕಳೆದ ಮಾಘದಲ್ಲಿ ಅವನಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಯಿತು. ಆಸ್ಪತ್ರೆಯ ಕಾಗದದಲ್ಲಿ 'ರೋಗಿಗೆ ಏನಾಗಬೇಕು' ಎಂಬ ಕಡೆ ಲೇಖನಿಯು ನಿಂತಿತು. ಇಂಥವರ ವಿವಾಹಕ್ಕೆ ಈಗಿನ ಕಾನೂನಿನಲ್ಲಿ ಹಕ್ಕಿಲ್ಲವೆಂದೂ, ಅದು ಶಾಸನಸಭೆಗಳಿಗೆ ಬಿಟ್ಟದ್ದೆಂದೂ 2023ರ ಅಕ್ಟೋಬರ್ 17ರಂದು ಅದೇ ನ್ಯಾಯಾಲಯವು ಹೇಳಿದೆ. ಚಿಕ್ಕಪ್ಪನಿಗೆ, ಷಡ್ಡಕನಿಗೆ, ಬೀಗನಿಗೆ ಬೇರೆ ಬೇರೆ ಹೆಸರಿರುವ ನಮ್ಮ ಕನ್ನಡದಲ್ಲಿ ನನಗೊಂದು ಹೆಸರು ಸಿಕ್ಕಲಿಲ್ಲ. 'ಸ್ನೇಹಿತ' ಎಂದು ಬರೆದೆನು. ಎಣ್ಣೆಯ ಅರ್ಥವು ನೆನಪಿಗೆ ಬಂದು ನಗು ಬಂದಿತು.

ಆಗ ಮೈಸೂರಿನಿಂದ ಅವನ ಮಗಳು ಬಂದಿದ್ದಳು. ತಂದೆಯು ಅವಳಿಗೆ ಎಲ್ಲವನ್ನೂ ಹೇಳಿದ್ದನಂತೆ. ಎರಡು ದಿನ ನನ್ನೊಡನೆ ಮಾತಿಲ್ಲ. ಮೂರನೆಯ ದಿನ ಅಡಿಗೆಮನೆಯ ಬಾಗಿಲಲ್ಲಿ ನಿಂತು, "ಮೇಷ್ಟ್ರೇ, ಒಂದು ಕೇಳುತ್ತೇನೆ. ನಮ್ಮಪ್ಪನಿಗೆ ಹೇಳದೆ ಮತ್ತೆ ಹೊರಟುಹೋಗುತ್ತೀರಾ?" ಎಂದಳು.

"ಇಲ್ಲವಮ್ಮ" ಎಂದೆನು. ಅವಳು ಬಹಳ ಹೊತ್ತು ನನ್ನ ಮುಖವನ್ನು ನೋಡಿ, ಒಳಗೆ ಹೋಗಿ ಮೂವರಿಗೂ ತಟ್ಟೆ ಹಾಕಿದಳು. ಇನ್ನೂ ಮೇಷ್ಟ್ರೆಂದೇ ಕರೆಯುತ್ತಾಳೆ.

ಆಷಾಢ ಕಳೆದೊಡನೆ ಹನೂರಿನ ಬಾಡಿಗೆಯ ಮನೆಯನ್ನು ಬಿಡುವುದೆಂದು ಮಾತಾಗಿದೆ. ನನ್ನ ಪುಸ್ತಕಗಳು ಎರಡು ಬೀರು ತುಂಬ ಇವೆ. ಮಗ್ಗದ ಪಕ್ಕದ ಗೋಡೆಗೆ ಅವು ಹಿಡಿಸುವುವೋ ಇಲ್ಲವೋ ಎಂದು ಅವನು ಮೊನ್ನೆ ದಾರದಿಂದ ಅಳತೆ ತೆಗೆದುಕೊಂಡನು. ನಾಲ್ಕು ಬೆರಳು ಸಾಲದು. ಮಗ್ಗವನ್ನೇ ಸ್ವಲ್ಪ ಸರಿಸುತ್ತಾನಂತೆ.